ಯಕೃತ್ತಿನ ಅರ್ಬುದವೂ ಅಗ್ನಿಕರ್ಮದ ಗಣಿತವೂ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿನ ಆಚೆಯ ದಡಕ್ಕೆ ಸೇರಿದಂತೆ, ಬ್ಯಾಕೋಡು ಎಂಬ ಗ್ರಾಮವಿರುವುದು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಕಣಿವೆಯು ಜಲಮಯವಾದ ಮೇಲೆ ತುಮರಿ, ಬ್ಯಾಕೋಡು ಮೊದಲಾದ ಊರುಗಳಿಗೂ ತಾಲ್ಲೂಕಿನ ಕಸಬೆಗೂ ನಡುವೆ ನೀರೇ ಗಡಿಯಾಯಿತು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆಯು ೨೦೨೫ರ ಜುಲೈ ತಿಂಗಳಿನಲ್ಲಿ ತೆರೆಯುವವರೆಗೆ, ಸುಮಾರು ಎರಡು ತಲೆಮಾರುಗಳ ಕಾಲ, ಈ ಭಾಗದ ರೋಗಿಯು ಸಾಗರದ ಆಸ್ಪತ್ರೆಯನ್ನು ಕಾಣಬೇಕಾದರೆ ಲಾಂಚಿನ ವೇಳೆಯನ್ನು ಕಾದಿರಬೇಕಾಗಿದ್ದಿತು. ಇಂತಹ ಸೀಮೆಯಲ್ಲಿ ಕೈಗೆಟುಕುವ ವೈದ್ಯನೇ ಮೊದಲನೆಯ ವೈದ್ಯನಾಗುವುದು ಸಹಜ. ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಕಾಮಾಲೆಯಾದವರಿಗೆ ಮುಂಗೈಯ ಮೇಲೆ ಬರೆ ಹಾಕಿಸುವ, ಚಟಿಗೆ ಇಡಿಸುವ ರೂಢಿಯು ಬಹು ಹಿಂದಿನಿಂದ ನಡೆದುಬಂದಿರುವುದು ವಾಚಕರಿಗೆ ತಿಳಿಯದ ಸಂಗತಿಯೇನೂ ಅಲ್ಲ. ಕಾಮಾಲೆಯೆಂಬುದು ಬಹುಮಟ್ಟಿಗೆ ಯಕೃತ್ತಿನ ಕೇಡಿನ ಚಿಹ್ನೆ. ಅದೇ ಯಕೃತ್ತಿನಲ್ಲಿ ಗಡ್ಡೆಯೆದ್ದರೆ ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಶಾಖದಿಂದಲೇ ಚಿಕಿತ್ಸೆ ನಡೆಸುವ ಒಂದು ಕ್ರಮವುಂಟು. ಆ ಶಾಖವನ್ನು ಎಲ್ಲಿ, ಎಷ್ಟು, ಎಷ್ಟು ಹೊತ್ತು ಕೊಡಬೇಕೆಂಬುದನ್ನು ಗಣಕಯಂತ್ರದಿಂದ ಮುಂಗಡವಾಗಿ ಎಣಿಸಿ ನೋಡುವ ಪ್ರಯತ್ನವೂ ಕೆಲವು ದಶಕಗಳಿಂದ ಸಾಗಿದೆ. ಈ ಎರಡು ಬೆಂಕಿಗಳ ಸಂಬಂಧವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುವು. ಪಾಶ್ಚಾತ್ಯರ ಶಾಖಚಿಕಿತ್ಸೆಯೆಲ್ಲ ನಮ್ಮ ಅಗ್ನಿಕರ್ಮದ ಅನುಕರಣವೇ ಎಂಬುದು ಒಂದು. ಅಗ್ನಿಕರ್ಮವೆಂಬುದು ಅಜ್ಞಾನದ ಕ್ರೌರ್ಯವಲ್ಲದೆ ಮತ್ತೇನೂ ಅಲ್ಲವೆಂಬುದು ಇನ್ನೊಂದು. ಎರಡೂ ಗ್ರಂಥಗಳನ್ನು ತೆರೆದು ನೋಡದೆ ಆಡಿದ ಮಾತುಗಳೆಂದು ನಮಗೆ ತೋರುತ್ತದೆ. ಹಳಬರಿಗೂ ಹೊಸಬರಿಗೂ ಸಮಾನವಾದುದು ಉತ್ತರವಲ್ಲ, ಪ್ರಶ್ನೆ. ಎಷ್ಟು ಸುಟ್ಟರೆ ಸಾಕು? ಎಷ್ಟಾದರೆ ಮಿತಿಮೀರಿತು? ಸಾಕಾಯಿತೆಂಬುದನ್ನು ಸುಡುವವನು ತಿಳಿಯುವುದು ಹೇಗೆ?

ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯವು ಅಗ್ನಿಕರ್ಮವಿಧಿಗೆ ಮೀಸಲಾಗಿದೆ. ಕ್ಷಾರಕ್ಕಿಂತ ಅಗ್ನಿಯು ಮೇಲೆಂದೂ, ಅಗ್ನಿಯಿಂದ ದಗ್ಧವಾದ ರೋಗವು ಮರಳಿ ಹುಟ್ಟದೆಂದೂ, ಔಷಧ ಶಸ್ತ್ರ ಕ್ಷಾರಗಳಿಗೆ ಬಗ್ಗದ ವ್ಯಾಧಿಯು ಇದಕ್ಕೆ ಬಗ್ಗುವುದೆಂದೂ ಅಲ್ಲಿ ಪ್ರತಿಪಾದಿಸಲ್ಪಟ್ಟಿದೆ. ಉಪಕರಣಗಳ ವಿಂಗಡಣೆಯು ವಿಚಾರಾರ್ಹವಾದುದು. ಚರ್ಮಗತವಾದ ರೋಗಕ್ಕೆ ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು, ಬಾಣ, ಶಲಾಕೆ. ಮಾಂಸಗತಕ್ಕೆ ಜಾಂಬವೌಷ್ಠವೂ ಇತರ ಲೋಹಗಳೂ. ಸಿರೆ ಸ್ನಾಯು ಸಂಧಿ ಅಸ್ಥಿಗಳಿಗೆ ಜೇನು, ಬೆಲ್ಲ, ಸ್ನೇಹದ್ರವ್ಯ. ಶಾಖವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುವ ವಸ್ತುವಿಗೂ, ಒಮ್ಮೆಗೇ ಬಿಟ್ಟುಕೊಡುವ ವಸ್ತುವಿಗೂ ಇರುವ ಭೇದವನ್ನು ಅನುಭವದಿಂದ ಕಂಡುಕೊಂಡವರು ಮಾತ್ರ ಈ ವಿಭಾಗವನ್ನು ಮಾಡಬಲ್ಲರು. ಉಷ್ಣಮಾಪಕವಿಲ್ಲದ ಕಾಲದಲ್ಲಿ ದ್ರವ್ಯವೇ ಮಾಪಕವಾಗಿದ್ದಿತೆಂದು ಹೇಳಬಹುದು.

ಇದಕ್ಕಿಂತಲೂ ಮುಖ್ಯವಾದುದು ದಗ್ಧದ ಚತುರ್ವಿಧ ಭೇದ: ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ. ಬಣ್ಣಗೆಟ್ಟು ಉರಿಯುವಷ್ಟಾದರೆ ಪ್ಲುಷ್ಟ. ಗುಳ್ಳೆಯೆದ್ದು ಬಹುಕಾಲ ನೋಯುವುದಾದರೆ ದುರ್ದಗ್ಧ. ಅತಿ ಆಳಕ್ಕಿಳಿಯದೆ, ತಾಳೆಯ ಹಣ್ಣಿನ ಬಣ್ಣವನ್ನು ತಾಳಿ ನೆಲೆಗೊಂಡುದು ಸಮ್ಯಗ್ದಗ್ಧ. ಮಾಂಸವು ಜೋತು ಸಿರೆ ಸಂಧಿಗಳು ಕೆಟ್ಟರೆ ಅತಿದಗ್ಧ. ಚರ್ಮವು ಸರಿಯಾಗಿ ಸುಟ್ಟಾಗ ಶಬ್ದವೂ ದುರ್ಗಂಧವೂ ಹುಟ್ಟಿ ತೊಗಲು ಸಂಕೋಚಗೊಳ್ಳುವುದೆಂದೂ, ಮಾಂಸವು ಸರಿಯಾಗಿ ಸುಟ್ಟಾಗ ಪಾರಿವಾಳದ ಬಣ್ಣಕ್ಕೆ ತಿರುಗುವುದೆಂದೂ ಲಕ್ಷಣಗಳನ್ನು ಕೊಟ್ಟಿದೆ. ಎಂದರೆ ವೈದ್ಯನ ಕಣ್ಣು, ಮೂಗು, ಕಿವಿ ಮೂರೂ ಕೆಲಸದಲ್ಲಿರುವುವು. ಇಲ್ಲಿಯೇ ಈ ಶಾಸ್ತ್ರದ ಬಲವೂ ಇದೆ, ಮಿತಿಯೂ ಇದೆ. ಕಾಣುವ ಕಡೆ ಮಾತ್ರ ಇದು ನಡೆಯತಕ್ಕದ್ದು. ಒಳಗೆ ರಕ್ತಸ್ರಾವವಾಗಿರುವವನನ್ನೂ ಕೋಷ್ಠವು ಭೇದಿಸಿದವನನ್ನೂ ಸುಡಬಾರದೆಂದು ಸುಶ್ರುತನೇ ನಿಷೇಧಿಸಿರುವುದನ್ನು ನೋಡಿದರೆ, ಆ ಮಿತಿಯು ಅವನಿಗೆ ಚೆನ್ನಾಗಿ ಗೊತ್ತಿದ್ದಿತೆಂದೇ ಊಹಿಸಬೇಕು.

ಹಾಗಾದರೆ ಹೊಟ್ಟೆಯೊಳಗಣ ಯಕೃತ್ತಿಗೆ ಮಾಡುವುದೇನು? ಚಿಕಿತ್ಸಾಸ್ಥಾನದಲ್ಲಿ ಪ್ಲೀಹೋದರಕ್ಕೆ ಎಡತೋಳಿನ ಸಿರಾವ್ಯಧವನ್ನೂ, ಎಡಗೈಯ ಹೆಬ್ಬೆರಳಿಗೆ ಸಂಬಂಧಿಸಿದ ಸಿರೆಯನ್ನು ಬಾಣದಿಂದ ಸುಡುವುದನ್ನೂ ಹೇಳಿ, ಯಕೃತ್ತಿನ ಉದರರೋಗದಲ್ಲಿ ಅದೇ ಕ್ರಿಯಾವಿಭಾಗವೆಂದೂ ಸಿರಾವ್ಯಧವು ಮಾತ್ರ ಬಲತೋಳಿನಲ್ಲೆಂದೂ ವಿಧಿಸಿದೆ. ಗುಲ್ಮ ಮುಂತಾದವುಗಳಲ್ಲಿ ದಾಹವನ್ನು ಹೇಳುವ ಚರಕಸಂಹಿತೆಯು ಆ ಕೆಲಸವನ್ನು ಧನ್ವಂತರಿಯ ಸಂಪ್ರದಾಯದವರಿಗೆ ಬಿಟ್ಟುಕೊಡುತ್ತದೆ. ಗ್ರೀಕರು ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಹಿಪಾಕ್ರಟೀಸನ ಹೆಸರಿನ ಸೂತ್ರಗಳಲ್ಲಿ, ಕೀವುಗಟ್ಟಿದ ಯಕೃತ್ತನ್ನು ಸುಟ್ಟು ತೆರೆದಾಗ ಕೀವು ಬಿಳಿದಾಗಿ ಶುದ್ಧವಾಗಿ ಹರಿದರೆ ರೋಗಿಯು ಉಳಿಯುವನೆಂಬ ಅರ್ಥದ ಒಂದು ಸೂತ್ರವಿದೆ. ಅಲ್ಲಿಯೂ ಸುಟ್ಟುದು ಬಾವನ್ನು, ಗಡ್ಡೆಯನ್ನಲ್ಲ.

ಕನ್ನಡನಾಡಿನ ವೈದ್ಯಗ್ರಂಥಕಾರರಿಗೂ ಈ ವಿಭಾಗ ಪರಿಚಿತವೇ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ಕಲ್ಯಾಣಕಾರಕವು ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಅದರಲ್ಲಿ ಕ್ಷಾರ, ಅಗ್ನಿ, ಶಸ್ತ್ರ, ಔಷಧಗಳೆಂಬ ಕರ್ಮಚತುಷ್ಟಯವು ನಿರೂಪಿತವಾಗಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಇವು ಔಷಧಪ್ರಧಾನವಾದುವು. ಬ್ಯಾಕೋಡಿನ ತಾಲ್ಲೂಕಿಗೇ ಸೇರಿದ ಕೆಳದಿಯ ದೊರೆ ಬಸವಭೂಪಾಲನು ೧೭೦೯ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರವೂ ವಿಶ್ವಕೋಶವಾದುದರಿಂದ ವೈದ್ಯವಿಷಯವನ್ನು ಬಿಟ್ಟಿಲ್ಲ. ಆದರೆ ಗ್ರಂಥಸ್ಥವಾದ ಅಗ್ನಿಕರ್ಮವೂ ಹಳ್ಳಿಯ ಬರೆಯೂ ಒಂದೇ ಅಲ್ಲವೆಂಬುದನ್ನು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಬರೆಯಲ್ಲಿ ಉಳಿದಿರುವುದು ಬೆಂಕಿ ಮಾತ್ರ. ದಗ್ಧಲಕ್ಷಣಗಳ ಪರೀಕ್ಷೆಯೂ, ಯಾರನ್ನು ಸುಡಬಾರದೆಂಬ ನಿಷೇಧಗಳ ಪಟ್ಟಿಯೂ ಉದುರಿಹೋಗಿವೆ. ಮಕ್ಕಳು, ಮುದುಕರು, ದುರ್ಬಲರು, ಹೆದರುವವರು ಆ ಪಟ್ಟಿಯಲ್ಲಿದ್ದರು, ಪಿತ್ತಪ್ರಕೃತಿಯವನೂ ಇದ್ದನು. ಪಿತ್ತವು ಕೆರಳಿ ಹುಟ್ಟುವುದೆಂದು ಶಾಸ್ತ್ರವೇ ಹೇಳುವ ಕಾಮಾಲೆಗೆ ಬರೆಯೆಂದರೆ, ಸುಶ್ರುತನ ಶಿಷ್ಯನೂ ಒಪ್ಪುತ್ತಿದ್ದನೆಂದು ನಮಗೆ ತೋರುವುದಿಲ್ಲ.

ಆದರೂ ಬರೆಗೆ ಕೀರ್ತಿ ಬಂದುದು ಹೇಗೆ? ನೀರು ಆಹಾರಗಳಿಂದ ಹರಡುವ ಸಾಮಾನ್ಯ ಕಾಮಾಲೆಯು ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಆ ಇಳಿತವು ಬರೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಗಡ್ಡೆಯಿಂದಲೋ ಪಿತ್ತನಾಳದ ಅಡಚಣೆಯಿಂದಲೋ ಹುಟ್ಟಿದ ಕಾಮಾಲೆಯು ಇಳಿಯುವುದಿಲ್ಲ. ಆಗ ಮುಂಗೈಯ ಹುಣ್ಣು ಮಾಯುವುದನ್ನು ಕಾಯುತ್ತ ಕಳೆದ ತಿಂಗಳುಗಳೇ ಹಾನಿ. ಮುಂದೆ ಹೇಳಲಿರುವ ಚಿಕಿತ್ಸೆಯು ಗಡ್ಡೆಯು ಸುಮಾರು ಮೂರು ಸೆಂಟಿಮೀಟರಿನೊಳಗಿರುವಾಗ ಹೆಚ್ಚು ಫಲಿಸತಕ್ಕದ್ದು. ಹೊಳೆ ದಾಟುವುದರಲ್ಲಿಯೂ ದಾಟುವ ಮೊದಲೂ ಕಳೆದ ಕಾಲವು ಗಡ್ಡೆಯ ಅಳತೆಯಾಗಿ ಪರಿಣಮಿಸುತ್ತದೆ. ಇದೇ ತಾಲ್ಲೂಕಿನ ನರಸೀಪುರದ ನಾಟಿವೈದ್ಯರಲ್ಲಿಗೆ ಅರ್ಬುದರೋಗಿಗಳು ದೇಶದ ನಾನಾ ಕಡೆಗಳಿಂದ ಬಂದು ಸಾಲುಗಟ್ಟಿ ನಿಲ್ಲುತ್ತಿದ್ದುದು ಅನೇಕರ ನೆನಪಿನಲ್ಲಿರಬಹುದು. ಅದು ಬೇರೆ ಚರಿತ್ರೆ, ಅಲ್ಲಿ ಬೆಂಕಿಯಿರಲಿಲ್ಲ.

ಸುಶ್ರುತನ ಮತ್ತೊಂದು ಮಾತನ್ನು ಇಲ್ಲಿ ನೆನೆಯದೆ ಮುಂದುವರಿಯಲಾಗದು. ಅರ್ಬುದಚಿಕಿತ್ಸೆಯ ಪ್ರಕರಣದಲ್ಲಿ ಅವನು, ಗಡ್ಡೆಯನ್ನು ಶೇಷವುಳಿಸಿ ತೆಗೆದರೆ ಅದು ಬೇಗನೆ ಮರಳಿ ಬೆಳೆಯುವುದೆಂದೂ, ಉಳಿದ ಬೆಂಕಿಯು ಕೊಲ್ಲುವಂತೆ ಉಳಿದ ಗಡ್ಡೆಯೂ ಕೊಲ್ಲುವುದೆಂದೂ ಎಚ್ಚರಿಸುತ್ತಾನೆ. ಇಂದಿನ ಶಸ್ತ್ರವೈದ್ಯರು ಅಂಚು ಎನ್ನುವುದು ಇದನ್ನೇ. ಕಾಣುವ ಗಡ್ಡೆಯ ಸುತ್ತಲೂ ಕಾಣದ ಬೇರುಗಳಿರಬಹುದಾದ್ದರಿಂದ, ಐದರಿಂದ ಹತ್ತು ಮಿಲಿಮೀಟರಿನಷ್ಟು ಆರೋಗ್ಯವಾದ ಭಾಗವನ್ನೂ ಸೇರಿಸಿ ನಾಶಮಾಡಬೇಕು. ಮಾತು ಸಣ್ಣದು, ಲೆಕ್ಕ ದೊಡ್ಡದು. ಮೂರು ಸೆಂಟಿಮೀಟರು ವ್ಯಾಸದ ಗಡ್ಡೆಯ ಘನಪ್ರಮಾಣವು ಸುಮಾರು ೧೪ ಘನ ಸೆಂಟಿಮೀಟರು. ಸುತ್ತಲೂ ಒಂದು ಸೆಂಟಿಮೀಟರು ಅಂಚನ್ನು ಕೂಡಿಸಿದರೆ ೬೫ ಆಗುತ್ತದೆ. ಅರ್ಬುದದ ನಾಲ್ಕೂವರೆಯಷ್ಟನ್ನು ಸುಟ್ಟರಲ್ಲದೆ ಅರ್ಬುದವನ್ನು ಸುಟ್ಟಂತಾಗದು. ಯಕೃತ್ತಿನ ಅರ್ಬುದವಾದರೋ ಅನೇಕವೇಳೆ ಮೊದಲೇ ಗಂಟುಗಟ್ಟಿ ಗಡಸಾದ ಯಕೃತ್ತಿನಲ್ಲಿ ಹುಟ್ಟುವುದರಿಂದ, ಕೊಯ್ದು ತೆಗೆಯಲೂ ಆಗದು, ಬೇಕಾದಷ್ಟು ಸುಡಲೂ ಆಗದು.

ಸುಡುವುದೆಂಬ ಶಬ್ದವನ್ನು ಇದುವರೆಗೆ ನಾವು ಧಾರಾಳವಾಗಿ ಬಳಸಿದೆವು. ಕನ್ನಡವು ಈ ವಿಷಯದಲ್ಲಿ ಸಂಸ್ಕೃತದ ದಾಹಶಬ್ದಕ್ಕಿಂತ ಸೂಕ್ಷ್ಮವಾಗಿದೆ: ಬಿಸುಪು, ಕಾಯುವುದು, ಬೇಯುವುದು, ಸುಡುವುದು, ಕರಕಾಗುವುದು ಇವೆಲ್ಲ ಬೇರೆಬೇರೆ. ಯಕೃತ್ತಿನೊಳಗೆ ವೈದ್ಯನು ಬಯಸುವುದು ಬೇಯುವುದನ್ನೇ. ಸೆಂಟಿಗ್ರೇಡ್ ಮಾನದ ೫೦ ಡಿಗ್ರಿಯಲ್ಲಿ ಜೀವಕಣಗಳು ಕೆಲವು ನಿಮಿಷಗಳಲ್ಲಿ ಸಾಯುವುವು. ೬೦ಕ್ಕೆ ಮೇಲೆ ಮೊಟ್ಟೆಯ ಬಿಳಿಯಂತೆ ಒಡನೆಯೇ ಗಟ್ಟಿಯಾಗುವುವು. ೧೦೦ನ್ನು ಮೀರಿದರೆ ನೀರು ಕುದಿದು ಆವಿಯಾಗಿ, ಸೂಜಿಯ ಸುತ್ತ ಕರಕು ಕಟ್ಟಿ, ವಿದ್ಯುತ್ತು ಮುಂದಕ್ಕೆ ಹರಿಯದೆ ನಿಲ್ಲುವುದು. ಕರಕಾದಷ್ಟೂ ಸುತ್ತಣ ಭಾಗವು ಹಸಿಯಾಗಿಯೇ ಉಳಿಯುತ್ತದೆ. ಅತಿದಗ್ಧವೂ ದುರ್ದಗ್ಧವೂ ಒಂದೇ ಏಟಿಗೆ ಒಂದೇ ಸ್ಥಳದಲ್ಲಿ ಸಂಭವಿಸುವ ವಿಚಿತ್ರವಿದು. ಸಾಗರದ ಸೀಮೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಹಸಿಯಡಿಕೆಯನ್ನು ಹಂಡೆಯಲ್ಲಿ ಬೇಯಿಸುವಾಗ ಉರಿಯನ್ನು ಎಷ್ಟು ಹೆಚ್ಚಿಸಿದರೂ ಒಳಗು ತನ್ನ ಹೊತ್ತಿಗೇ ಬೇಯುವುದು. ಆಲೆಮನೆಯಲ್ಲಿ ಪಾಕದ ಹದ ತಪ್ಪಿದರೆ ತಳ ಹಿಡಿಯುವುದು. ಹದವೆಂಬ ಈ ಕನ್ನಡ ಮಾತಿಗೆ ಸಮ್ಯಗ್ದಗ್ಧವೆಂಬುದೇ ಸರಿಯಾದ ಸಂಸ್ಕೃತವೆಂದು ನಮ್ಮ ಅಭಿಪ್ರಾಯ.

ಹದವನ್ನು ಸಂಖ್ಯೆಯಾಗಿಸಿದ ಚರಿತ್ರೆಯು ಯುರೋಪು ಅಮೆರಿಕಾ ಖಂಡಗಳಲ್ಲಿ ನಡೆಯಿತು. ಫ್ರಾನ್ಸಿನ ಫೂರಿಯೇ ೧೮೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಘನವಸ್ತುವಿನೊಳಗೆ ಶಾಖವು ಹರಿಯುವ ನಿಯಮವನ್ನು ಸಮೀಕರಣವಾಗಿ ಬರೆದನು. ಸ್ವೀಡನ್ನಿನ ಅರೀನಿಯಸ್ಸನು ೧೮೮೯ರಲ್ಲಿ ರಾಸಾಯನಿಕ ಕ್ರಿಯೆಯ ವೇಗವು ಉಷ್ಣಮಾನದೊಡನೆ ಏರುವ ಕ್ರಮವನ್ನು ತಿಳಿಸಿದನು. ೧೮೯೧ರಲ್ಲಿ ದಾರ್ಸೊನ್ವಾಲನು, ಬಹು ವೇಗವಾಗಿ ದಿಕ್ಕು ಬದಲಾಯಿಸುವ ವಿದ್ಯುತ್ತು ಸ್ನಾಯುವನ್ನು ಸೆಳೆಯದೆ ಬರಿಯ ಶಾಖವನ್ನುಂಟುಮಾಡುವುದೆಂದು ತೋರಿಸಿದನು. ಆದರೆ ಈ ಮೂರು ಎಳೆಗಳು ಕೂಡಿದುದು ೧೯೪೭, ೧೯೪೮ರಲ್ಲಿ. ಹಾರ್ವರ್ಡಿನ ಹೆನ್ರಿಕ್ಸ್, ಮೊರಿಟ್ಜ್ ಎಂಬವರು ೧೯೪೭ರಲ್ಲಿ ಸುಟ್ಟಗಾಯಗಳನ್ನು ಅಳೆದು, ೪೪ ಡಿಗ್ರಿಯಲ್ಲಿ ಚರ್ಮವು ಕೆಡಲು ಸುಮಾರು ಆರು ಗಂಟೆ ಬೇಕೆಂದೂ, ಅಲ್ಲಿಂದ ಮೇಲಕ್ಕೆ ಡಿಗ್ರಿಯೊಂದೇರಿದರೆ ಕಾಲವು ಸುಮಾರು ಅರ್ಧವಾಗುವುದೆಂದೂ ಕಂಡುಕೊಂಡರು. ಅದನ್ನು ಅರೀನಿಯಸ್ಸನ ನಿಯಮದಿಂದ ವಿವರಿಸಿದರು. ಪ್ಲುಷ್ಟದಿಂದ ಅತಿದಗ್ಧದವರೆಗಿನ ಮೆಟ್ಟಲುಗಳಿಗೆ ಹೀಗೆ ಮೊದಲ ಬಾರಿಗೆ ಗಡಿಯಾರ ಕಟ್ಟಿದಂತಾಯಿತು. ಮರುವರ್ಷ ಪೆನ್ನೆಸ್ ಎಂಬಾತನು, ಮನುಷ್ಯರ ಮುಂಗೈಯೊಳಗೆ ಸೂಕ್ಷ್ಮವಾದ ತಂತಿಯ ಉಷ್ಣಮಾಪಕವನ್ನು ಹಾಯಿಸಿ, ಆಳ ಆಳಕ್ಕೆ ಶಾಖವನ್ನಳೆದು ಒಂದು ಸಮೀಕರಣವನ್ನು ಪ್ರಕಟಿಸಿದನು. ನಮ್ಮ ಹಳ್ಳಿಗಳಲ್ಲಿ ಯಕೃತ್ತಿನ ರೋಗಕ್ಕೆ ಬರೆ ಹಾಕುತ್ತಿದ್ದ ಮುಂಗೈಯೇ ಯಕೃತ್ತಿನ ಶಾಖಗಣಿತಕ್ಕೂ ಜನ್ಮಸ್ಥಾನವಾದುದು ಕಾಕತಾಳೀಯವೇ ಸರಿ; ಆದರೂ ಗಮನಿಸತಕ್ಕ ಕಾಕತಾಳೀಯ.

ಪೆನ್ನೆಸನ ಸಮೀಕರಣವನ್ನು ಶಾನುಭೋಗರ ಕಡತದಂತೆ ಓದಬಹುದು. ಮಾಂಸದ ಒಂದು ಸಣ್ಣ ತುಂಡಿನ ಶಾಖವು ಏರಿದ್ದೆಷ್ಟು ಎಂಬುದು ಶಿಲ್ಕು. ಅಕ್ಕಪಕ್ಕದಿಂದ ಹರಿದುಬಂದದ್ದು, ಜೀವಕ್ರಿಯೆಯಿಂದ ಹುಟ್ಟಿದ್ದು, ಹೊರಗಿನಿಂದ ವೈದ್ಯನು ಕೊಟ್ಟದ್ದು ಇವು ಜಮೆ. ಹರಿಯುವ ರಕ್ತವು ಒಯ್ದದ್ದು ಖರ್ಚು. ಈ ಕೊನೆಯ ಬಾಬೇ ಯಕೃತ್ತಿನಲ್ಲಿ ತೊಡಕು. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು, ಎಂದರೆ ಹೃದಯವು ದೂಡುವ ರಕ್ತದ ಕಾಲುಭಾಗದಷ್ಟು, ಯಕೃತ್ತಿನ ಮೂಲಕ ಸಾಗುತ್ತದೆ. ಮೂರು ಮಿಲಿಮೀಟರಿಗಿಂತ ದಪ್ಪವಾದ ರಕ್ತನಾಳವೊಂದು ಗಡ್ಡೆಯ ಪಕ್ಕದಲ್ಲಿದ್ದರೆ, ಅದನ್ನು ಮುಟ್ಟಿಕೊಂಡ ಭಾಗವು ಬೇಯುವುದೇ ಕಷ್ಟ. ಹೊಳೆಯಂಚಿನಲ್ಲಿ ಬೆಂಕಿ ಹಾಕಿದರೂ ಹರಿನೀರಿಗೆ ತಗುಲಿದ ಕಲ್ಲು ಕಾಯದಿರುವಂತೆಯೇ ಇದು. ಶೇಷಾಗ್ನಿಯು ಅಡಗುವುದು ಅಲ್ಲಿಯೇ.

೧೯೯೦ರಲ್ಲಿ ಅಮೆರಿಕೆಯ ಮೆಕ್‌ಗಹಾನ್, ಇಟಲಿಯ ರೋಸ್ಸಿ ಇವರು ಪರಸ್ಪರ ಸ್ವತಂತ್ರವಾಗಿ, ಚರ್ಮದ ಮೂಲಕ ಯಕೃತ್ತಿಗೆ ಸೂಜಿಯನ್ನಿಳಿಸಿ ಅದರ ಮೊನೆಯಿಂದ ರೇಡಿಯೋ ಆವರ್ತನದ ವಿದ್ಯುತ್ತನ್ನು ಹರಿಸುವ ಕ್ರಮವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಅದು ರೋಗಿಗಳಿಗೆ ಬಂದಿತು. ತರುವಾಯ ಮೈಕ್ರೋವೇವ್ ಕಿರಣದ ಸೂಜಿಯೂ ಬಂದಿದೆ. ಸೂಜಿಯ ಮೊನೆಯನ್ನು ಸಣ್ಣ ಗೋಳವೆಂದು ಎಣಿಸಿದರೆ, ದೂರವು ಇಮ್ಮಡಿಯಾದಾಗ ವಿದ್ಯುತ್ತಿನಿಂದ ಅಲ್ಲಿ ಹುಟ್ಟುವ ಶಾಖವು ಹದಿನಾರರಲ್ಲೊಂದಂಶಕ್ಕೆ ಇಳಿಯುತ್ತದೆ. ಆದುದರಿಂದ ಕೆಲವು ಮಿಲಿಮೀಟರುಗಳಾಚೆ ಬೇಯಿಸುವುದು ವಿದ್ಯುತ್ತಲ್ಲ, ಫೂರಿಯೇ ಹೇಳಿದ ಶಾಖಪ್ರವಾಹ. ಅಡಿಕೆಯ ಒಳಗನ್ನು ಬೇಯಿಸುವುದೂ ಅದೇ. ವೈದ್ಯನ ಇಂದ್ರಿಯಗಳಿಗೆ ಇಲ್ಲಿ ಆಧಾರವಿಲ್ಲ. ತಾಳೆಹಣ್ಣಿನ ಬಣ್ಣವೂ ಇಲ್ಲ, ಶಬ್ದವೂ ಇಲ್ಲ. ಶ್ರವಣಾತೀತ ಧ್ವನಿಯ ಚಿತ್ರದಲ್ಲಿ ಬಿಳಿಯ ಮೋಡದಂತೆ ತೋರುವುದು ಆವಿಯ ಗುಳ್ಳೆಗಳೇ ಹೊರತು ಸತ್ತ ಮಾಂಸದ ಎಲ್ಲೆಯಲ್ಲ. ಅದನ್ನು ನಂಬಿದವರು ಮೋಸಹೋಗುವುದುಂಟು. ಇಂದ್ರಿಯವು ಸೋತಲ್ಲಿ ಗಣಿತವು ಪ್ರವೇಶಿಸಿದುದು ಹೀಗೆ.

ಗಣಿತಕ್ಕೆ ಬೇಕಾದ ನಕ್ಷೆಯು ಆ ವೇಳೆಗೆ ಸಿದ್ಧವಾಗಿದ್ದಿತು. ಯಕೃತ್ತನ್ನು ರಕ್ತನಾಳಗಳ ಕವಲಿಗನುಸಾರವಾಗಿ ಎಂಟು ಖಂಡಗಳಾಗಿ ವಿಂಗಡಿಸಿದ ಕ್ವಿನೋನ ಗ್ರಂಥವು ೧೯೫೭ರಲ್ಲಿ ಬಂದಿತ್ತು; ದೇಹವನ್ನು ಪದರಪದರವಾಗಿ ಚಿತ್ರಿಸುವ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ೧೯೭೧ರಲ್ಲಿ ಮೊದಲ ರೋಗಿಯನ್ನು ಕಂಡಿತು. ಈ ಪದರಚಿತ್ರಗಳಿಂದ ಯಕೃತ್ತು, ಗಡ್ಡೆ, ನಾಳಗಳ ಆಕಾರಗಳನ್ನು ಬೇರ್ಪಡಿಸಿ, ಒಟ್ಟನ್ನು ಲಕ್ಷಾಂತರ ಸಣ್ಣ ತುಂಡುಗಳಾಗಿ ಕತ್ತರಿಸಿದಂತೆ ಭಾವಿಸಿ, ಪ್ರತಿಯೊಂದು ತುಂಡಿಗೂ ಕ್ಷಣಕ್ಷಣಕ್ಕೆ ಪೆನ್ನೆಸನ ಜಮಾಖರ್ಚನ್ನು ಬರೆಯಬೇಕು. ಗಣಕನೆಂದರೆ ಹಿಂದೆ ಲೆಕ್ಕವಿಡುವ ಮನುಷ್ಯ. ಈ ಕಡತವನ್ನು ಬರೆಯಲು ಮನುಷ್ಯರ ಆಯುಸ್ಸು ಸಾಲದೆ ಆ ಹೆಸರು ಯಂತ್ರಕ್ಕೆ ಸಂದಿದೆ. ಸೂಜಿಯನ್ನು ಇಲ್ಲಿಳಿಸಿದರೆ ಇಷ್ಟು, ಅರ್ಧ ಅಂಗುಲ ಪಕ್ಕಕ್ಕಾದರೆ ಇಷ್ಟು, ಎರಡು ಬಾರಿ ಇಳಿಸಿದರೆ ಇಷ್ಟು ಎಂದು ರೋಗಿಯನ್ನು ಮುಟ್ಟದೆಯೇ ಸುಟ್ಟು ನೋಡಬಹುದು. ೨೦೧೩ರಲ್ಲಿ ಯುರೋಪಿನ ಹಲವು ದೇಶದವರು ಸೇರಿ ಆರಂಭಿಸಿದ ಗೋಸ್ಮಾರ್ಟ್ ಎಂಬ ಯೋಜನೆಯು, ಇಂತಹ ಲೆಕ್ಕವನ್ನು ಶಾಖದ ಹಲವು ವಿಧಾನಗಳಿಗೂ ಶೈತ್ಯದ ವಿಧಾನಕ್ಕೂ ಒಂದೇ ಕಡೆ ಒದಗಿಸಲು ಯತ್ನಿಸಿತು. ನಮ್ಮ ನಾಡಿನಲ್ಲಿ ಅರ್ಬುದಚಿಕಿತ್ಸೆಗೆಂದೇ ಮೀಸಲಾದ ಕಿದ್ವಾಯಿ ಸಂಸ್ಥೆಯು ಬೆಂಗಳೂರಿನಲ್ಲಿ ಸ್ಥಾಪಿತವಾದುದು ೧೯೭೩ರಲ್ಲಿ. ಅದೇ ನಗರದ ಭಾರತೀಯ ವಿಜ್ಞಾನ ಮಂದಿರದಲ್ಲಿ ೨೦೨೨ರಲ್ಲಿ ನೆಲೆಗೊಂಡ ಪರಮ್ ಪ್ರವೇಗವೆಂಬ ಮಹಾಗಣಕದ ಶಕ್ತಿಯ ಒಂದು ಅಣುವಷ್ಟಾದರೂ ಈ ಕೆಲಸಕ್ಕೆ ಸಾಕು. ಯಂತ್ರದ ಕೊರತೆಯು ಇಲ್ಲಿಯ ಅಡ್ಡಿಯಲ್ಲ.

ಅಡ್ಡಿಯಿರುವುದು ಕಡತದ ಅಂಕಿಗಳಲ್ಲಿ. ಪೆನ್ನೆಸನು ರಕ್ತವೆಲ್ಲವೂ ಅತಿ ಸೂಕ್ಷ್ಮವಾದ ನಾಳಗಳಲ್ಲಿಯೇ ಶಾಖವನ್ನು ಬದಲಾಯಿಸಿಕೊಳ್ಳುವುದೆಂದು ಇಟ್ಟುಕೊಂಡಿದ್ದನು. ಅದು ಪೂರ್ತಿ ನಿಜವಲ್ಲವೆಂದು ೧೯೭೪ರಲ್ಲಿ ವುಲ್ಫ್, ೧೯೮೦ರಲ್ಲಿ ಚೆನ್ ಮತ್ತು ಹೋಮ್ಸ್, ೧೯೮೫ರಲ್ಲಿ ವೈನ್‌ಬಾಮ್ ಮತ್ತು ಜಿಜಿ ಇವರು ಆಕ್ಷೇಪಿಸಿ ಬೇರೆ ಸಮೀಕರಣಗಳನ್ನು ಮುಂದಿಟ್ಟರು. ಆದರೂ ಸರಳತೆಯ ಕಾರಣದಿಂದ ಹಳೆಯದೇ ಹೆಚ್ಚಾಗಿ ಬಳಕೆಯಲ್ಲಿದೆ. ದೊಡ್ಡ ನಾಳಗಳನ್ನು ಮಾತ್ರ ಪ್ರತ್ಯೇಕವಾಗಿ ಚಿತ್ರಿಸಿಕೊಳ್ಳುತ್ತಾರೆ. ಗಂಟುಗಟ್ಟಿದ ಯಕೃತ್ತಿನಲ್ಲಿ ರಕ್ತಸಂಚಾರವು ಆರೋಗ್ಯವಂತನದರಂತಿರದು. ಬೇಯುತ್ತ ಬೇಯುತ್ತ ಮಾಂಸವು ನೀರು ಕಳೆದುಕೊಂಡು ಕುಗ್ಗುವುದರಿಂದ ಲೆಕ್ಕದ ನಕ್ಷೆಯೇ ಬದಲಾಗುವುದು. ರೋಗಿಯು ಉಸಿರೆಳೆದಂತೆಲ್ಲ ಯಕೃತ್ತು ಮೇಲೆ ಕೆಳಗೆ ಸರಿಯುವುದು. ಆದುದರಿಂದ ಚಿಕಿತ್ಸೆಯ ತರುವಾಯ, ಸಾಮಾನ್ಯವಾಗಿ ಒಂದು ತಿಂಗಳಿನ ಮೇಲೆ, ತೆಗೆದ ಚಿತ್ರವನ್ನು ಮುಂಗಡದ ಲೆಕ್ಕದ ಮೇಲಿಟ್ಟು ಎರಡೂ ಎಷ್ಟರಮಟ್ಟಿಗೆ ಹೊಂದುವುವೆಂದು ನೋಡುವುದೇ ಈ ಶಾಸ್ತ್ರದ ಪರೀಕ್ಷೆಯಾಗಿದೆ.

ಅಲ್ಲಿಯೂ ಒಂದು ವಿವಾದ ಉಳಿದಿದೆ. ಸತ್ತ ಭಾಗದ ಎಲ್ಲೆಯೆಂದು ಯಾವುದನ್ನು ಹಿಡಿಯಬೇಕು? ಕೆಲವರು ೫೦ ಡಿಗ್ರಿಯ ರೇಖೆಯನ್ನೇ ಎಲ್ಲೆಯೆಂದು ಭಾವಿಸುವರು. ಕೆಲವರು ಹೆನ್ರಿಕ್ಸ್ ಮೊರಿಟ್ಜರ ಕ್ರಮದಿಂದ ಶಾಖವನ್ನೂ ಕಾಲವನ್ನೂ ಕೂಡಿಸಿ ಹಾನಿಯ ಮೊತ್ತವನ್ನು ಎಣಿಸುವರು. ೧೯೮೪ರಲ್ಲಿ ಸಪರೆಟೊ, ಡೂಯಿ ಎಂಬವರು ಸೂಚಿಸಿದಂತೆ, ಯಾವ ಶಾಖವನ್ನಾದರೂ ೪೩ ಡಿಗ್ರಿಯ ಇಷ್ಟು ನಿಮಿಷಗಳಿಗೆ ಸಮವೆಂದು ಪರಿವರ್ತಿಸಿ ಹೇಳುವವರೂ ಇದ್ದಾರೆ. ಒಬ್ಬನೇ ರೋಗಿಗೆ, ಒಂದೇ ಸೂಜಿಗೆ, ಈ ಮೂರು ಎಲ್ಲೆಗಳು ಕೆಲವು ಮಿಲಿಮೀಟರುಗಳಷ್ಟು ಬೇರೆಯಾಗಿ ಬರಬಹುದು. ಅಂಚೆಂದು ಬಿಡುವುದೂ ಕೆಲವು ಮಿಲಿಮೀಟರುಗಳನ್ನೇ.